ಅರ್ಧಕ್ಕೆ ಎದ್ದವಳ ಸವತಿ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಅಚ್ಚಮ್ಮತ್ತೆ, ಅಪ್ಪನ ದೊಡ್ಡಕ್ಕ. ನಾನು ಆಗ ಕಾಲೇಜಿನಲ್ಲಿದ್ದೆ. ತಲೆಯ ಎರಡೂ ಪಕ್ಕ ಬೋಳಿಸಿಕೊಂಡು, ನಡುವೆ ಕೋಳಿಜುಟ್ಟು ನಿಲ್ಲಿಸಿಕೊಂಡು, ಹರಿದ ಜೀನ್ಸಿಗೆ ಸೇಫ್ಟಿಪಿನ್ನು ಚುಚ್ಚಿಕೊಂಡು ರಜೆಗೆ ಮನೆಗೆ ಹೋಗಿದ್ದೆ. ಅಮ್ಮ ಅತ್ತಳು. ಅಚ್ಚಮ್ಮತ್ತೆ ಕನ್ನಡಕ ಏರಿಸಿ, ಇದೇನೇ ಇದು ಅಂದಳು. ಇದಕ್ಕೆ ಪಂಕ್ ಅಂತಾರೆ ಅತ್ತೆ, ಯಾರ ಮಾತೂ ಕೇಳದವರು ಹೀಗಿರ್ತಾರೆ, ಅಂದೆ. ಯಾರು ಬೋಳಿಸಿದ್ದು ಅಂದಳು. ಪಾರ್ಲರಿನವಳು, ಹೀಗೇ ಬೇಕು ಅಂತ ಫೋಟೋ ತೋರಿಸಿದೆ, ಅಂದೆ.

"ಹಾಗಾದರೆ ಇದು ಭಾಗೀರಥಿಯ ಪಟ್ಟಿ. ತುಂಗೆಯದಲ್ಲ," ಅಂದವಳೇ ಅವರೆಕಾಯಿ ಬುಟ್ಟಿಯನ್ನು ನನ್ನ ಮುಂದೆ ತಳ್ಳಿದಳು. "ಸುಲೀತಾ ಕೇಳು."

ಬಹಳ ಹಿಂದೆ, ಹೊಳೆ ಇನ್ನೂ ಮನೆಗಳ ಹಿತ್ತಲಲ್ಲೇ ಹರಿಯುತ್ತಿದ್ದ ಕಾಲದಲ್ಲಿ, ಕೊಪ್ಪರಮಡು ಅಂತ ಒಂದು ಊರಿತ್ತಂತೆ. ಆ ಊರಿನ ಅಗ್ರಹಾರದಲ್ಲಿ ಶೇಷಾಜೋಯಿಸ ಅಂತ ಪಂಚಾಂಗ ನೋಡುವವನೊಬ್ಬ. ಊರವರ ಮದುವೆಗೆಲ್ಲ ಮುಹೂರ್ತ ಇಟ್ಟವನು ತನಗೆ ಮಾತ್ರ ಎರಡು ಸಲ ಇಟ್ಟುಕೊಂಡ. ಮೊದಲು ಬಂದವಳು ಭಾಗೀರಥಿ. ಅವಳಿಗೆ ಮಕ್ಕಳಾಗಲಿಲ್ಲ ಅಂತ ತುಂಗೆಯನ್ನು ತಂದ. ಅವಳಿಗೂ ಆಗಲಿಲ್ಲ. ಎರಡು ನದಿ ತಂದು ಒಂದು ತಂಬಿಗೆಗೆ ತುಂಬಿದ್ದಾನೆ ನೋಡಿ, ಅಂತ ಊರವರು ನಗುತ್ತಿದ್ದರಂತೆ.

ಭಾಗೀರಥಿಗೆ ಉಳಿದಿದ್ದ ಆಸ್ತಿ ಒಂದೇ, ಹಿರಿತನ. ಹೊಳೆಯಲ್ಲಿ ಮೊದಲ ಮುಳುಗು ಅವಳದು. ಹಬ್ಬದಲ್ಲಿ ಮೊದಲ ಅರಿಶಿನ ಕುಂಕುಮ ಅವಳದು. ಯಾರಾದರೂ ಮರೆತು ತುಂಗೆಗೆ ಮೊದಲು ಕೊಟ್ಟರೆ, ಹಿರಿಯಳು ಮೊದಲು, ಅಂತ ಕೈ ಮುಂದೆ ಚಾಚುತ್ತಿದ್ದಳಂತೆ. ತುಂಗೆ ಪಕ್ಕಕ್ಕೆ ಸರಿಯುತ್ತಿದ್ದಳು. ಹಾಗೆ ಸುಲಭವಾಗಿ ಸರಿಯುತ್ತಾಳಲ್ಲ, ಅದೇ ಭಾಗೀರಥಿಗೆ ಉರಿ. ಕಿತ್ತುಕೊಂಡದ್ದರಲ್ಲಿ ರುಚಿ ಇರಬೇಕಾದರೆ ಎದುರಿನವರು ಸ್ವಲ್ಪವಾದರೂ ಹಿಡಿದುಕೊಳ್ಳಬೇಕು.

ತುಂಗೆಯ ಕೂದಲು ಮೊಣಕಾಲು ಮುಟ್ಟುತ್ತಿತ್ತಂತೆ. ಪಾದ ಮುಟ್ಟುತ್ತಿತ್ತು ಅನ್ನುವವರೂ ಇದ್ದಾರೆ. ಅವಳು ಹೊಳೆಯಲ್ಲಿ ತಲೆ ತೊಳೆದರೆ ಕೆಳಗಿನ ಊರಿನ ನೀರಿಗೆಲ್ಲ ಸೀಗೆಕಾಯಿಯ ವಾಸನೆ ಬರುತ್ತಿತ್ತಂತೆ. ಆ ಕೂದಲಿಗೆ ಶುಕ್ರವಾರ ಎಣ್ಣೆ ಹಚ್ಚಿ ಬಾಚುವ ಕೆಲಸ ಭಾಗೀರಥಿಯದು. ಜೋಯಿಸನ ತಾಯಿ ಮಾಡಿಟ್ಟು ಹೋದ ಕಟ್ಟಳೆ. ಎಲ್ಲರಿಗೂ ಹೊಟ್ಟೆಕಿಚ್ಚು ಹೊಟ್ಟೆಯಲ್ಲಿರುತ್ತೆ, ಅವಳಿಗೆ ಬೆರಳ ತುದಿಯಲ್ಲಿತ್ತು. ಸಿಕ್ಕು ಕಂಡರೆ ಸಂತೋಷ. ಎಳೆದರೆ ತುಂಗೆ, "ಅಕ್ಕಾ, ಅದು ನನ್ನ ತಲೆ, ಬಾವಿಹಗ್ಗ ಅಲ್ಲ," ಅಂತ ನಗುತ್ತಿದ್ದಳು.

ಹೀಗಿರುವಾಗ ಜೋಯಿಸ ಒಂದು ಒಳ್ಳೆಯ ಮುಹೂರ್ತದಲ್ಲಿ ತೀರಿಕೊಂಡ.

ಆ ಕಾಲದಲ್ಲಿ, ಆ ಕೇರಿಯಲ್ಲಿ, ಗಂಡ ಸತ್ತವಳ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಅದಕ್ಕೆಂದೇ ಒಂದು ಮಣೆ ಇತ್ತು, ಹಲಸಿನದು, ಊರಿಗೆಲ್ಲ ಅದೊಂದೇ. ಗುಡಿಯ ಹಿಂದಿನ ಗೂಡಿನಲ್ಲಿ ಬೋರಲು ಹಾಕಿಟ್ಟಿರುತ್ತಿದ್ದರು. ಬರಿನೆಲದ ಮೇಲೆ ಕೂರಿಸಬಾರದು, ಬೇರೆ ಮಣೆಯಲ್ಲಿ ಕೂರಿಸಬಾರದು, ಅಂತ ಶಾಸ್ತ್ರ. ಅದನ್ನು ಮಾಡಿಸಿದ ಪುಣ್ಯಾತ್ಮ ಯಾರು ಅಂತ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಂಥ ಮಣೆ ಮಾಡಿಸುವುದೆಂದರೆ ಸಾವಿಗೆ ಮನೆಯ ದಾರಿ ತೋರಿಸಿದ ಹಾಗೆ ಅಂತ ನಂಬಿಕೆ.

ಹತ್ತನೆಯ ದಿನ ಹೊಳೆದಂಡೆಗೆ ಇಬ್ಬರನ್ನೂ ಕರೆತಂದರು. ಪುರೋಹಿತರು ಯಾರು ಮೊದಲು ಅನ್ನುವ ಮುಂಚೆಯೇ ಭಾಗೀರಥಿ, ಹಿರಿಯಳು ಮೊದಲು, ಅಂದು ಹೋಗಿ ಮಣೆಯಲ್ಲಿ ಕೂತಳಂತೆ. ಅಭ್ಯಾಸ. ಅವಳ ಎಣಿಕೆಯೂ ಒಂದಿತ್ತು: ತನ್ನದು ಮುಗಿದುಬಿಟ್ಟರೆ ತುಂಗೆಯದು ಬೀಳುವುದನ್ನು ಆರಾಮಾಗಿ ನೋಡಬಹುದು. ಕ್ಷೌರದ ಮುದ್ದಣ್ಣ ಮುಖ ತಿರುಗಿಸಿಕೊಂಡೇ ಕೆಲಸ ಮಾಡಿದ. ಭಾಗೀರಥಿ ಹನಿ ಕಣ್ಣೀರು ಹಾಕಲಿಲ್ಲ. ಎದ್ದು, ಎದುರಿಗೆ ಒಂದು ಕಲ್ಲಿನ ಮೇಲೆ ಕೂತು, ಕಣ್ಣು ನೆಟ್ಟಳು.

ತುಂಗೆ ಕೂತಳು. ಮುದ್ದಣ್ಣ ಎಡಗಡೆ ಬೋಳಿಸಿದ. ಬಲಗಡೆ ಬೋಳಿಸಿದ. ಕತ್ತಿ ತೊಳೆಯೋಣ ಅಂತ ನೀರಿನ ಕಡೆ ಬಗ್ಗಿದ. ತುಂಗೆ ಎದ್ದಳು.

"ಇನ್ನೂ ಅರ್ಧ ಐತೆ ತಾಯಿ," ಅಂದ ಮುದ್ದಣ್ಣ.

"ಸಾಕು," ಅಂದಳು.

ಬೇಡದಿದ್ದರೆ ಕೂರುವ ಮುಂಚೆ ಹೇಳಬೇಕಿತ್ತು ಅಂತ ಪುರೋಹಿತರು ಗದರಿದರು. ಮುಂಚೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು, ಅಂದಳಂತೆ. ಎರಡು ಕಡೆ ನುಣ್ಣಗೆ ಬೋಳು, ನಡುವೆ ಸೊಟ್ಟಗೆ ಒಂದು ಪಟ್ಟಿ, ಹಿಂದೆ ಮೊಣಕಾಲಿನವರೆಗೆ ಬಾಲ. ಹಾಗೇ ಅಗ್ರಹಾರದ ನಡುಬೀದಿಯಲ್ಲಿ ನಡೆದು ಮನೆಗೆ ಹೋದಳು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವಂತೆ. ಆಚೆ ಕೇರಿಯ ಹುಂಜಗಳೆಲ್ಲ ನಮ್ಮವನೊಬ್ಬ ಬಂದ ಅಂತ ಮಟಮಟ ಮಧ್ಯಾಹ್ನ ಕೂಗಿದವಂತೆ.

ಅವಳನ್ನು ಏನು ಮಾಡುವುದು ಅಂತ ಪಂಡಿತರು ಕೂತರು. ಬೋಳಿಸಿದವಳಿಗೆ ವಿಧಿ ಇತ್ತು. ಬೋಳಿಸಿಕೊಳ್ಳದವಳಿಗೆ ಬಹಿಷ್ಕಾರ ಇತ್ತು. ಅರ್ಧಕ್ಕೆ ಎದ್ದವಳಿಗೆ ಯಾವ ಓಲೆಗರಿಯಲ್ಲೂ ಏನೂ ಬರೆದಿರಲಿಲ್ಲ. ಮಠಕ್ಕೆ ಕೇಳಿಕಳಿಸಿದರೆ, ಅಂಥವಳು ಇರಲು ಸಾಧ್ಯವಿಲ್ಲ ಅಂತ ಉತ್ತರ ಬಂತಂತೆ. ಇರಲು ಸಾಧ್ಯವಿಲ್ಲದವಳು ಜಗಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದಳು.

ತುಂಗೆಯ ಸುದ್ದಿ ಅಲ್ಲಿಂದ ಬೆಳೆಯಿತು. ಕೆಂಪು ಸೀರೆ ಉಡು ಅಂದರೆ, ಅದಕ್ಕೆ ಜೋಯಿಸನ ಪಂಚೆಯ ಅಂಚು, ರುಮಾಲಿನ ತುಂಡು ಎಲ್ಲ ಗೋಣಿದಾರದಲ್ಲಿ ಹೊಲಿದು, ಹೊಲಿಗೆ ಹೊರಗೆ ಕಾಣುವ ಹಾಗೆ ಉಟ್ಟಳಂತೆ. ಸಂಜೆ ತಾಮ್ರದ ಕೊಳಗ ಬೋರಲು ಹಾಕಿ ಬಡಿಯುತ್ತ ಹಾಡಿದಳಂತೆ. ರಾಗ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಯಾರ ಬಾವಿಗೆ ಯಾರು ಬರಬಾರದು, ಯಾರ ಹಿತ್ತಲ ಬಾಗಿಲಿಗೆ ಯಾರು ಬರುತ್ತಾರೆ, ಎಲ್ಲ ಹಾಡಿನಲ್ಲೇ. ಅಗ್ರಹಾರ ಕಿವಿ ಮುಚ್ಚಿಕೊಂಡು, ಬೆರಳ ಸಂದಿಯಿಂದ ಕೇಳಿಸಿಕೊಂಡಿತು. ಮಡಿವಾಳರ ಹುಡುಗಿಯೊಬ್ಬಳು ಬೀದಿಯಲ್ಲಿ ನಿಂತು, "ಅಮ್ಮಾರೆ, ನಂಗೂ ಕಲಿಸ್ಕೊಡಿ," ಅಂದಳಂತೆ. "ನನಗೇ ಬರಲ್ಲವೇ. ಬರದೇ ಇರೋದನ್ನೇ ಹಾಡ್ತಿದೀನಿ. ನೀನೂ ಶುರುಮಾಡು," ಅಂದಳಂತೆ ತುಂಗೆ.

ಒಳಗೆ, ಒಲೆಯ ಮುಂದೆ, ಭಾಗೀರಥಿ. ಮೊದಲು ಅವಳಿಗೆ ಇಡೀ ಕೂದಲಿನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಅರ್ಧ ಕೂದಲಿನ ಮೇಲೆ ಅದರ ಎರಡರಷ್ಟಾಯಿತು. ತಾನು ಊರವರು ಹೇಳಿದ್ದನ್ನೆಲ್ಲ ಕೇಳಿದವಳು. ಮಹಾಸಾಧ್ವಿ ಅಂತ ಒಂದು ಸಲ ಅಂದರು, ಮರೆತರು. ಶುಭಕಾರ್ಯಕ್ಕೆ ಹೊರಟಾಗ ಎದುರು ಬರಬೇಡಮ್ಮ ಅಂತ ಮಾತ್ರ ದಿನಾ ನೆನಪಿಟ್ಟುಕೊಂಡು ಹೇಳಿದರು. ತುಂಗೆ ಎದುರಾದರೆ ಇದು ಪೂರ್ತಿ ಅಪಶಕುನವೋ ಅರ್ಧವೋ ತಿಳಿಯದೆ, ಅರ್ಧ ದಾರಿ ಹೋಗಿ ವಾಪಸು ಬರುತ್ತಿದ್ದರಂತೆ. ಅಪಶಕುನದಲ್ಲೂ ಅವಳಿಗೇ ಹೆಚ್ಚುಗಾರಿಕೆ.

ರೊಟ್ಟಿ ತಟ್ಟುವಾಗ, ನೀರು ಸೇದುವಾಗ, ಭಾಗೀರಥಿಯನ್ನು ಒಂದೇ ಪ್ರಶ್ನೆ ತಿನ್ನುತ್ತಿತ್ತು. ಅವಳು ಮೊದಲು ಕೂತಿದ್ದರೆ? ಅವಳು ಎದ್ದದ್ದನ್ನು ನಾನು ನೋಡಿದ್ದರೆ? ನಾನೂ ಏಳುತ್ತಿರಲಿಲ್ಲವೆ? ಏಳುತ್ತಿದ್ದೆ ಅಂತ ಗೊತ್ತಾದರೆ ಅವಳ ಮೇಲಿನ ಸಿಟ್ಟಿಗೆ ಅರ್ಥ ಬರುತ್ತಿತ್ತು. ಇಲ್ಲ ಅಂತ ಗೊತ್ತಾದರೆ ಸುಮ್ಮನಾದರೂ ಆಗಬಹುದಿತ್ತು. ಎರಡೂ ಗೊತ್ತಾಗಲಿಲ್ಲ.

ತಿಂಗಳಿಗೊಮ್ಮೆ ಮುದ್ದಣ್ಣ ಅದೇ ಮಣೆ ಹೊತ್ತು ಹಿತ್ತಲಿಗೆ ಬರುತ್ತಿದ್ದ. ಒಂದು ತಿಂಗಳು ಭಾಗೀರಥಿ, ನಡುವೆ ಒಂದು ಪಟ್ಟಿ ಬಿಡು, ಅಂದಳು.

"ಎಂಗೆ ಬಿಡ್ಲಿ ತಾಯಿ? ದಪ್ಪಕ್ಕೋ, ತೆಳ್ಳಕ್ಕೋ?"

"ಅವಳ ಹಾಗೆ."

ಮುದ್ದಣ್ಣ ಕೆಲಸಗಾರ. ದಾರ ಹಿಡಿದು ನೇರ ನೋಡಿ ಬಿಟ್ಟ. ಒಂದು ತಿಂಗಳ ಕೂದಲು, ಕೊಯ್ದ ಗದ್ದೆಯ ಕೂಳೆಯ ಹಾಗೆ ಸಾಲಾಗಿ ನಿಂತಿತು. ಆಯ್ತು, ಏಳಿ ತಾಯಿ, ಅಂದ. ಆಮೇಲೆ ಎದ್ದಳು.

ತಲೆಗೆ ಸೆರಗು ಹೊದೆಯದೆ ಬೀದಿಗೆ ಬಂದಳು. ಒಂದು ಬಾಗಿಲೂ ಮುಚ್ಚಲಿಲ್ಲ. ಒಂದು ಹುಂಜವೂ ಕೂಗಲಿಲ್ಲ. ಎದುರು ಮನೆಯ ಪಾರ್ವತಕ್ಕ ಜಗಲಿಯಿಂದ ಬಗ್ಗಿ ನೋಡಿ, "ನಿನಗೆ ಚೆನ್ನಾಗಿ ಒಪ್ಪತ್ತೆ ಕಣೆ ಭಾಗೂ. ತುಂಗೆಯದು ಸೊಟ್ಟ," ಅಂದಳಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹೊಗಳಿಕೆಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ಅದು ಬೀದಿಗೆಲ್ಲ ಹರಡಿತು. ಇನ್ನಿಬ್ಬರು ವಿಧವೆಯರು ಪಟ್ಟಿ ಬಿಟ್ಟರು. ಅರ್ಚಕರ ಮಗ ಬಿಟ್ಟ, ಅದಕ್ಕೆ ಹರಳೆಣ್ಣೆ ಹಚ್ಚಿ ನಿಲ್ಲಿಸಿದ. ಪಟೇಲರ ಸೊಸೆ ಪಟ್ಟಿಗೆ ಮಲ್ಲಿಗೆ ಮುಡಿದಳು ಅಂತಾರೆ. ಅದನ್ನು ಮಾತ್ರ ಅಚ್ಚಮ್ಮತ್ತೆ ನಂಬುತ್ತಿರಲಿಲ್ಲ. ಕಡೆಗೆ ಪಂಡಿತರು ಮತ್ತೆ ಕೂತು, ಬರೆದಿರದ ಓಲೆಗರಿಯನ್ನು ಬರೆದರು. ವಿಧವೆಯರು ನಾಲ್ಕು ಬೆರಳಗಲದ ಪಟ್ಟಿ ಬಿಡತಕ್ಕದ್ದು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅದಕ್ಕೊಂದು ಮಂತ್ರವೂ ಹುಟ್ಟಿತು. ತುಂಗೆಗೆ ಶಾಲು ಹೊದಿಸುವುದು ಅಂತ ತೀರ್ಮಾನವಾಯಿತು.

ಶಾಲಿನ ಸುದ್ದಿ ಕೇಳಿ ಭಾಗೀರಥಿ ಹಿತ್ತಲಿಗೆ ನುಗ್ಗಿದಳು. ತುಂಗೆ ಅಡಕೆ ಕತ್ತರಿ ಹಿಡಿದುಕೊಂಡು ಕೂತಿದ್ದಳು. ಮೊಣಕಾಲುದ್ದದ ಕೂದಲು ಬಾಳೆಯ ಬುಡದಲ್ಲಿ ಬಿದ್ದಿತ್ತು.

"ಯಾಕೆ ತೆಗೆದೆ?"

"ಅಳತೆ ಬಂತಲ್ಲ ಅಕ್ಕ. ಅಳತೆ ಬಂದ ಮೇಲೆ ಅದು ಅವರದ್ದು."

"ಊರೆಲ್ಲ ನಿನ್ನ ಹಾಗಾಗಿದೆ."

"ಊರೆಲ್ಲ ಕೂತಿದೆ. ಎದ್ದವರು ಯಾರು?"

ಭಾಗೀರಥಿಗೆ ತಡೆಯಲಿಲ್ಲ. "ನೀನು ಮೊದಲು ಕೂತಿದ್ದಿದ್ದರೆ ನಾನೂ ಏಳ್ತಿದ್ದೆ," ಅಂದಳು.

ತುಂಗೆ ನಗಲಿಲ್ಲ. ಆ ದಿನ ಎದುರಿನ ಕಲ್ಲಿನ ಮೇಲೆ ಕೂತ ನಿನ್ನ ಮುಖವನ್ನೇ ನೋಡುತ್ತಿದ್ದೆ ಅಕ್ಕ, ಅಂದಳಂತೆ. ನನ್ನ ಕೂದಲು ಬೀಳುವುದನ್ನು ನೀನು ಕಾಯುತ್ತಿದ್ದೆ. ನಿನ್ನ ಪಾಲಿಗೆ ಅವರು ಉಳಿಸಿದ್ದು ಅದೊಂದೇ ಆಗಿತ್ತು. ನಾಳೆ ನಾನೂ ಅದೇ ಕಲ್ಲಿನ ಮೇಲೆ ಕೂತು ಇನ್ನೊಬ್ಬಳದಕ್ಕೆ ಕಾಯುತ್ತೀನಲ್ಲ ಅಂತ ಭಯವಾಯಿತು. ಎದ್ದೆ.

ಇದನ್ನು ಕೇಳಿ ಭಾಗೀರಥಿ ಕರಗಿದಳು, ಇಬ್ಬರೂ ತಬ್ಬಿಕೊಂಡು ಅತ್ತರು, ಅಂತ ಕೆಲವರು ಹೇಳುತ್ತಾರೆ. ಎಲ್ಲಿಯ ಕರಗುವುದು. ನನ್ನ ಹೊಟ್ಟೆಯ ಕಿಚ್ಚಿನಲ್ಲೂ ಇವಳೇ ಚಳಿ ಕಾಯಿಸಿಕೊಂಡಳಲ್ಲ, ಅಂತ ಅವಳಿಗೆ ಇನ್ನಷ್ಟು ಉರಿಯಿತಂತೆ.

ಆ ವರ್ಷದ ಸುಗ್ಗಿಯಲ್ಲಿ ಶಾನುಭೋಗರ ಮನೆಯ ಪದ್ದಿಯ ಗಂಡ ಹಾವು ಕಚ್ಚಿ ಸತ್ತ. ಪದ್ದಿಗೆ ಇನ್ನೂ ಗೊಂಬೆಗೆ ಸೀರೆ ಉಡಿಸುವ ವಯಸ್ಸು. ಹೊಳೆದಂಡೆಗೆ ಮಣೆ ಬಂತು, ಮುದ್ದಣ್ಣ ಬಂದ, ಪುರೋಹಿತರು ನಾಲ್ಕು ಬೆರಳಿನ ಅಳತೆಯ ದಾರ ತಂದರು. ಹುಡುಗಿಯ ಕೈಹಿಡಿದು ಮಣೆಯಲ್ಲಿ ಕೂರಿಸುವುದು ಊರಿನ ಹಿರಿಯ ವಿಧವೆಯ ಹಕ್ಕು. ಆ ಹಕ್ಕು ಭಾಗೀರಥಿಯದು. ಮುಂದೆ ನಿಂತಳು.

ಪದ್ದಿಯ ತಲೆಯ ಮೇಲಿನ ಸೆರಗು ಜಾರಿತು. ದಟ್ಟ ಕಪ್ಪು ಕೂದಲು. ಬೀಳಲಿ, ಇವಳದೂ ಬೀಳಲಿ, ಅಂತ ಭಾಗೀರಥಿಯ ಒಳಗೆ ಯಾರೋ ಅಂದರು. ಬೇರೆ ಯಾರೂ ಅಲ್ಲ, ತಾನೇ. ಬೆರಳ ತುದಿ ಬಿಸಿಯಾಯಿತು. ಆ ಎದುರಿನ ಕಲ್ಲು ಖಾಲಿ ಇತ್ತು. ತನಗಾಗಿಯೇ ಇತ್ತು.

ಹಿರಿಯಳು ಮೊದಲು, ಅಂದಳು ಭಾಗೀರಥಿ. ಹುಡುಗಿಯ ಕೈಬಿಟ್ಟು ತಾನೇ ಹೋಗಿ ಮಣೆಯಲ್ಲಿ ಕೂತಳು. ತಿಂಗಳ ಸರದಿ ಮುಗಿಸಿಕೊಳ್ಳುತ್ತಾಳೇನೋ ಅಂತ ಎಲ್ಲರೂ ಅಂದುಕೊಂಡರು. ಮುದ್ದಣ್ಣ ಕತ್ತಿ ನೆನೆಸಿದ, ಹಣೆಯ ಹತ್ತಿರ ತಂದ. ಇನ್ನೂ ಮುಟ್ಟಿರಲಿಲ್ಲ.

ಭಾಗೀರಥಿ ಎದ್ದಳು. ಸಾಕು ಅನ್ನಲಿಲ್ಲ; ಅದು ತುಂಗೆಯ ಮಾತು. ಬಗ್ಗಿ ಮಣೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

"ಭಾಗೀರಥಮ್ಮನೋರೆ, ಮಣೆ ಎಲ್ಲಿಗೆ?" ಅಂದರು ಪುರೋಹಿತರು.

"ಊಟಕ್ಕೆ," ಅಂದಳಂತೆ.

ಅವತ್ತು ಮಧ್ಯಾಹ್ನ ಅದರ ಮೇಲೆ ಕೂತು ಅನ್ನ ಹುಳಿ ಉಂಡಳು. ಮಾರನೆಯ ದಿನವೂ ಉಂಡಳು. ಉಂಡ ಎಂಜಲಿನ ಮಣೆ ಶಾಸ್ತ್ರಕ್ಕೆ ಬರುವುದಿಲ್ಲ. ಹೊಸದು ಮಾಡಿಸೋಣ ಅಂದರೆ ಬಡಗಿ, ಯಾರ ಮನೆಯ ಹೆಸರಲ್ಲಿ ಮಾಡಲಿ ಸ್ವಾಮಿ, ಅಂತ ಕೇಳಿದ. ಶಾನುಭೋಗರು ಪುರೋಹಿತರ ಮುಖ ನೋಡಿದರು, ಪುರೋಹಿತರು ಪಟೇಲರ ಮುಖ ನೋಡಿದರು. ತನ್ನ ಮನೆಗೆ ಸಾವನ್ನು ಕರೆಯಲು ಯಾರೂ ಮುಂದೆ ಬರಲಿಲ್ಲ. ಪದ್ದಿಯ ಕೂದಲು ಹಾಗೇ ಉಳಿಯಿತು. ಅವಳ ಹಿಂದೆ ಬಂದವರದೂ ಉಳಿಯಿತು.

ಸುದ್ದಿ ಜಗಲಿಗೆ ಮುಟ್ಟಿದಾಗ ತುಂಗೆ ಕೊಳಗ ಬಡಿಯುತ್ತಿದ್ದಳಂತೆ. ಕೈ ನಿಂತಿತು. "ಮಣೆ," ಅಂದಳು. "ಛೆ. ನನಗೆ ಯಾಕೆ ಹೊಳೀಲಿಲ್ಲ ಅದು." ಅವತ್ತು ಅವಳು ಹಾಡಲಿಲ್ಲ, ಊಟವೂ ಸೇರಲಿಲ್ಲ. ಭಾಗೀರಥಿ ಬಾಗಿಲ ಸಂದಿಯಿಂದ ಅವಳ ಮುಖ ನೋಡಿದಳು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನೇ ಅದನ್ನು ಎಷ್ಟೋ ವರ್ಷ ಇಟ್ಟುಕೊಂಡಿದ್ದಳು. ಒಂದು ತುತ್ತು ಮಜ್ಜಿಗೆ ಅನ್ನ ಕಲಸಿಕೊಂಡು ಹೋಗಿ, "ತಿನ್ನೇ, ಕಿಚ್ಚಿಗೆ ತಂಪು," ಅಂದಳಂತೆ.

ಊರವರು ಇವತ್ತಿಗೂ ಹೇಳುವುದು ತುಂಗೆಯ ಹೆಸರನ್ನೇ. ಭಾಗೀರಥಿಗೆ ಅದು ಗೊತ್ತಾಗಿದ್ದರೆ ಎದ್ದು ಬರುತ್ತಿದ್ದಳೇನೋ. ಆದರೆ ಕೊಪ್ಪರಮಡುವಿನಲ್ಲಿ ಈಗಲೂ ಕ್ಷೌರಕ್ಕೆ ಮಣೆ ಹಾಕುವುದಿಲ್ಲವಂತೆ. ತಿರುಗುವ ಕುರ್ಚಿಯ ಸಲೂನು ಬಂದಿದೆ, ಗೋಡೆ ತುಂಬ ಸಿನಿಮಾದವರ ಜುಟ್ಟಿನ ಪಟಗಳಿವೆ. ಅಲ್ಲೂ, ಮಗುವಿನ ಚೌಲವಿರಲಿ, ಮುದುಕರ ದಾಡಿಯಿರಲಿ, ಅರ್ಧವಾದಾಗ ಕತ್ತರಿ ನಿಲ್ಲಿಸಿ, ಏಳ್ತೀರಾ ಅಂತ ಕೇಳುತ್ತಾರಂತೆ. ಜನ ನಗುತ್ತ ಒಮ್ಮೆ ಎದ್ದು ಮತ್ತೆ ಕೂರುತ್ತಾರೆ. ಅಪರೂಪಕ್ಕೊಬ್ಬರು ಮತ್ತೆ ಕೂರುವುದಿಲ್ಲ. ಅವರನ್ನು ಯಾರೂ ಕೂಗಿ ಕರೆಯುವುದಿಲ್ಲ.

ಕೇಳಿದ್ದಾಯಿತಲ್ಲ, ಇನ್ನು ನೀವು ಇನ್ನೊಬ್ಬರಿಗೆ ಹೇಳಿ. ಅಚ್ಚಮ್ಮತ್ತೆ ಹೇಳಿದ ಹಾಗೆ ನಾನು ಹೇಳಿಲ್ಲ, ನಾನು ಹೇಳಿದ ಹಾಗೆ ನೀವು ಹೇಳಬೇಕಾಗಿಲ್ಲ. ಕೇಳುವವರು ಅರ್ಧಕ್ಕೆ ಎದ್ದು ಹೋದರೆ ಮಾತ್ರ ತಡೆಯಬೇಡಿ.