ಗೇರಿನ ಹೊಸ ಹಿಡಿ

ಶಶಿರೇಖಾ ತನ್ನ ಕೆಂಪು ಸ್ಪೋರ್ಟ್ಸ್ ಕಾರಿಗೆ ಅಲ್ಯೂಮಿನಿಯಂನ ಹೊಸ ಗೇರ್ ಹಿಡಿ ತಂದು ಹಾಕಿದಳು. ಚರ್ಮ ಹೊದ್ದಿದ್ದ ಹಳೇ ಹಿಡಿಯನ್ನು ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟಳು.

“ನಿನ್ನ ಚರ್ಮವೆಲ್ಲ ಸವೆದುಹೋಗಿದೆ, ಅಜ್ಜಾ. ನಾನು ಎಂದೂ ಸವೆಯುವವನಲ್ಲ,” ಎಂದಿತು ಹೊಸ ಹಿಡಿ.

“ಸಂತೋಷ ಕಣಪ್ಪ. ಸೆಕೆಂಡ್ ಗೇರ್ ಸ್ವಲ್ಪ ಹಟಮಾರಿ. ಅವಳ ಕೈಗೆ ನೋವಾಗದಂತೆ ನೋಡಿಕೋ,” ಎಂದಿತು ಹಳೆಯದು.

ಆ ಮಧ್ಯಾಹ್ನ ಕಾರು ಬಳ್ಳಾರಿಯ ಬಿಸಿಲಿನಲ್ಲಿ ನಿಂತಿತ್ತು. ಹೊಸ ಹಿಡಿ ಕಾದು ಕೆಂಡದಂತಾಯಿತು. ಶಶಿರೇಖಾ ಬಂದು ಮುಟ್ಟಿದವಳೇ “ಅಮ್ಮಾ!” ಎಂದು ಕೈ ಹಿಂದಕ್ಕೆಳೆದುಕೊಂಡಳು.

“ಸುಟ್ಟುಬಿಟ್ಟೆನಲ್ಲ ಅಜ್ಜಾ! ಇನ್ನು ನನ್ನನ್ನು ಕಿತ್ತೆಸೆಯುತ್ತಾಳೆ,” ಎಂದು ಹೊಸ ಹಿಡಿ ನಡುಗಿತು.

ಅವಳು ಕಿತ್ತೆಸೆಯಲಿಲ್ಲ. ಮನೆಗೆ ಬಂದು ಹಳೇ ಹಿಡಿಯ ಹೊಲಿಗೆ ಬಿಚ್ಚಿ, ಅದರ ಚರ್ಮವನ್ನು ಹೊಸದಕ್ಕೆ ಹೊದಿಸಿ, ದಪ್ಪ ದಾರದಲ್ಲಿ ಬಿಗಿಯಾಗಿ ಹೊಲಿದಳು.

“ನನ್ನಿಂದಾಗಿ ನೀನು ಬರಿಮೈಯಾದೆ, ಅಜ್ಜಾ,” ಎಂದು ಹೊಸ ಹಿಡಿ ಅತ್ತಿತು.

“ಅಳಬೇಡ ಮಗಾ. ಆ ಚರ್ಮ ಅವಳ ಅಂಗೈಗೆ ಒಗ್ಗಿಹೋಗಿದೆ. ಅವಳ ಕೈ ಎಲ್ಲಿರುತ್ತದೋ ಅದೂ ಅಲ್ಲೇ ಇರಲಿ,” ಎಂದಿತು ಹಳೇ ಹಿಡಿ. “ಸೆಕೆಂಡ್ ಗೇರಿನ ಮಾತು ಮಾತ್ರ ಮರೆಯಬೇಡ.”