ಓಬಳಯ್ಯನ ಮಾತಿಗೆ ಮೂರು ಖಂಡನೆ

ಕಿವಿ ಇದ್ದವರೆಲ್ಲ ಹತ್ತಿರ ಬನ್ನಿ, ಬಾಯಿ ಇದ್ದವರು ಸ್ವಲ್ಪ ಹೊತ್ತು ಮುಚ್ಚಿಕೊಳ್ಳಿ. ಏಳು ಗುಡ್ಡದ ಆಚೆ ಕುಂಬಳಗಿರಿ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಒಬ್ಬ ರಾಜ, ಒಂದು ಕೆರೆ, ಒಂದು ಸಭೆ. ರಾಜ ಮಲಗಿರುತ್ತಿದ್ದ. ಕೆರೆ ತುಂಬಿರುತ್ತಿತ್ತು. ಸಭೆ ಕೂತಿರುತ್ತಿತ್ತು.

ಸಭೆಯಲ್ಲಿ ಒಂಬತ್ತು ಜನ. ಅವರಿಗೆ ಯಜಮಾನ ಭರ್ಜರಪ್ಪ. ಒಂಬತ್ತು ತಲೆಗೆ ಒಂಬತ್ತು ಪೇಟ. ಭರ್ಜರಪ್ಪನದಂತೂ ಮೂವತ್ತು ಮೊಳದ್ದು. ಅವನು ಬಾಗಿಲು ದಾಟಬೇಕಾದರೆ ಇಬ್ಬರು ಆಳು ಹಿಂದೆ ಮುಂದೆ ನಿಂತು ಪೇಟ ಹಿಡಿದುಕೊಳ್ಳಬೇಕಿತ್ತು. ಇಷ್ಟಾದರೂ ಅವನಿಗೆ ತಾನು ಸಾಕಷ್ಟು ಎತ್ತರ ಕಾಣುವುದಿಲ್ಲ ಅಂತ ಕೊರಗು.

ಆ ಕೆರೆಗೆ ನಲವತ್ತು ವರ್ಷ ನೀರುಗಂಟಿಯಾಗಿದ್ದವನು ಓಬಳಯ್ಯ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಏರಿ ಕಾಯುವುದು ಅವನ ಕೆಲಸ. ಹೋದ ವರ್ಷ ಅವನು ಭರ್ಜರಪ್ಪನ ಎದುರಿಗೇ ಒಂದು ಸೀನು ಸೀನಿದ. ಪೇಟ ಉರುಳಿತು. ಅವತ್ತೇ ಕೆಲಸವೂ ಉರುಳಿತು. ಹೀಗೆ ಒಂದು ನೆಗಡಿಯ ದೆಸೆಯಿಂದ ಓಬಳಯ್ಯ ಮಾಜಿ ನೀರುಗಂಟಿಯಾದ.

ಕೆಲಸ ಹೋದರೂ ಕಾಲು ಕೇಳಬೇಕಲ್ಲ? ದಿನಾ ಬೆಳಿಗ್ಗೆ ಅವನು ಏರಿಯ ಮೇಲೆ ನಡೆಯುತ್ತಿದ್ದ. ಒಂದು ದಿನ ನೋಡುತ್ತಾನೆ, ಏರಿಯ ಕಲ್ಲು ಮೂರು ಕಾಣೆ. ಇನ್ನೊಂದು ದಿನ ಇನ್ನು ಮೂರು ಕಾಣೆ. ಮತ್ತೊಂದು ದಿನ ಮತ್ತೆ ಮೂರು. ಕೊನೆಗೆ ಎಣಿಸಿದರೆ ಇಪ್ಪತ್ತೇಳು! ಹುಬ್ಬೆ ಮಳೆಗೆ ಇನ್ನು ಒಂದೇ ತಿಂಗಳು. ಏರಿ ಒಡೆದರೆ ಊರಿಗೆ ಊರೇ ಕೊಚ್ಚಿಕೊಂಡು ಹೋಗುತ್ತದೆ. ಓಬಳಯ್ಯ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದ.

ಸೀದಾ ಅರಳಿಕಟ್ಟೆಗೆ ಹೋದ. ಕಟ್ಟೆ ಹತ್ತಿ ಭಾಷಣ ಮಾಡಿದ. ಕೇಳಿದವರು ಮೂವರು: ಒಬ್ಬ ಕಿವುಡಜ್ಜ, ಎಲೆ ಅಡಿಕೆ ಮಾರುವ ಸುಬ್ಬಕ್ಕ, ಮತ್ತೆ ಅವನದೇ ಎಮ್ಮೆ. ಅಜ್ಜ ತಲೆದೂಗಿದ. ಎಮ್ಮೆ ಮೆಲುಕು ಹಾಕಿತು. ಸುಬ್ಬಕ್ಕ ಅರ್ಧ ಕೇಳಿ ಬುಟ್ಟಿ ಎತ್ತಿಕೊಂಡು ಹೊರಟಳು. ಸೀದಾ ಹೋದದ್ದು ಭರ್ಜರಪ್ಪನ ಜಗಲಿಗೆ.

"ಓಬಳಯ್ಯ ಭಾಷಣ ಬಿಗೀತಾವ್ನೆ ಬುದ್ಧೀ. ಏರಿ ಕಲ್ಲು ಮಾಯ ಆಗ್ತಾವಂತೆ. ನಾಡು ಆಳೋರಿಗೆ ಕಣ್ಣಿಲ್ವಂತೆ."

ಓಬಳಯ್ಯ ಯಾರ ಹೆಸರೂ ಹೇಳಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಭರ್ಜರಪ್ಪ ಹೆಗಲು ಮುಟ್ಟಿಕೊಂಡ. ಉಳಿದ ಎಂಟು ಜನವೂ ಮುಟ್ಟಿಕೊಂಡರು. "ಮಾಜಿ ಅಧಿಕಾರಿಗೆ ಇಷ್ಟು ಸೊಕ್ಕೇ? ಖಂಡಿಸಿ!" ಅಂತ ಸಭೆ ಕೂಗಿತು.

ಕುಂಬಳಗಿರಿಯಲ್ಲಿ ಖಂಡನೆ ಅಂದರೆ ಹುಡುಗಾಟವಲ್ಲ. ಮುತ್ತಾತಂದಿರ ಕಾಲದ ಕಟ್ಟಳೆ ಇತ್ತು. ಖಂಡಿಸುವ ಮಾತನ್ನು ಒಂದಕ್ಷರ ಬಿಡದೆ ಸಭೆಯಲ್ಲಿ ಓದಬೇಕು. ಆಡಿದವನು ಎದ್ದು ನಿಂತು "ಹೌದು, ಇದು ನನ್ನದೇ ಮಾತು" ಅನ್ನಬೇಕು. ಆಮೇಲೆ ಆ ಮಾತನ್ನು ಬೀದಿ ಬೀದಿಯಲ್ಲಿ ತಮಟೆ ಹೊಡೆಸಿ ಸಾರಬೇಕು. ಯಾವ ಮಾತು ಅಂತಲೇ ತಿಳಿಯದೆ ಜನ ಛೀ ಥೂ ಅನ್ನುವುದು ಹೇಗೆ, ಹೇಳಿ? ಹೀಗೆ ಮೂರು ಸೋಮವಾರ ಮೂರು ಖಂಡನೆಯಾಗಿ, ರಾಜನ ಮುದ್ರೆ ಬಿದ್ದರೆ, ಆಡಿದವನು ಊರು ಬಿಡಬೇಕು.

ಓಬಳಯ್ಯ ಮನೆಗೆ ಬಂದು ಮುಸುಕು ಹಾಕಿ ಅತ್ತ. ನಲವತ್ತು ವರ್ಷ ಕಾದ ಕೆರೆ ಬಿಟ್ಟು ಎಲ್ಲಿಗೆ ಹೋಗುವುದು? ಹೆಂಡತಿ ದ್ಯಾವಕ್ಕ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲು ನಿಲ್ಲಿಸದೇ ಕೇಳಿದಳು.

"ನಿಮ್ಮ ಭಾಷಣ ಎಷ್ಟು ಜನ ಕೇಳಿದ್ರು?"

"ಒಂದೂವರೆ ಜನ. ಎಮ್ಮೆ ಬಿಟ್ಟು."

"ಸೋಮವಾರ ಎಷ್ಟು ಜನ ಕೇಳ್ತಾರೆ?"

ಓಬಳಯ್ಯ ಮುಸುಕು ತೆಗೆದ. "ಊರಿಗೆ ಊರೇ ಕೇಳ್ತದೆ."

"ಮತ್ಯಾಕೆ ಅಳ್ತೀರಿ? ನೀವು ಗಂಟಲು ಹರ್ಕೊಂಡ್ರೂ ಆಗದ ಕೆಲಸಾನ ಅವರೇ ತಮಟೆ ಹೊಡ್ಸಿ ಮಾಡ್ತಾವ್ರೆ. ಎದ್ದು ಮುಖ ತೊಳ್ಕೊಳ್ಳಿ."

ಮೊದಲ ಸೋಮವಾರ ಬಂತು. ಸುಬ್ಬಕ್ಕ ಹೇಳಿದಷ್ಟನ್ನು ಓದಿದರು. ಓಬಳಯ್ಯ "ಹೌದು, ನನ್ನದೇ ಮಾತು" ಅಂದ. ತಮಟೆ ಹೊರಟಿತು. "ಏರಿ ಕಲ್ಲು ಮಾಯ ಆಗ್ತಾವೆ ಅಂದ ಓಬಳಯ್ಯನಿಗೆ ಛೀ!" ಜನ ಪದ್ಧತಿ ಪ್ರಕಾರ ಛೀ ಅಂದರು. ಅಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದೇನ್ರೋ? ಕಲ್ಲು ಹೋಗಿದಾವಾ?" ಊಟ ಬಿಟ್ಟು ಏರಿಗೆ ಓಡಿದರು. ನೋಡಿದರೆ ಏರಿ ಹಲ್ಲು ಬಿದ್ದ ಮುದುಕನ ಬಾಯಿಯಾಗಿತ್ತು.

ಎರಡನೇ ಸೋಮವಾರ ಸಭೆ ಕಿಕ್ಕಿರಿದಿತ್ತು. ಓದಿ ಮುಗಿಸಿದರು. ಓಬಳಯ್ಯ ಎದ್ದು ತಲೆ ಕೆರೆದುಕೊಂಡ.

"ಬುದ್ಧೀ, ಇದು ಪೂರ್ತಿ ನನ್ನ ಮಾತಲ್ಲ. ಕಲ್ಲು ಇಪ್ಪತ್ತೇಳು, ಪ್ರತಿ ಕಲ್ಲಿಗೂ ಕೆರೆ ಕಟ್ಟಿಸಿದೋರು ಒಂದೊಂದು ಮೀನು ಕೆತ್ಸವ್ರೆ ಅಂತಾನೂ ಅಂದಿದ್ದೆ. ಬೇಕಾದ್ರೆ ಎಮ್ಮೆ ಕೇಳಿ."

ಭರ್ಜರಪ್ಪನಿಗೆ ಒಂದು ಕ್ಷಣ ಬೆವರಿಳಿಯಿತು. ಮೀನಿನ ಮೇಲೆ ಕೆಮ್ಮಣ್ಣು ಮೆತ್ತಿಸಿದ್ದೇನಲ್ಲ ಅಂತ ನೆನಪಾಗಿ ಆರಿತು. "ಬರ್ಕೊಳ್ರೋ!" ಅಂದ. "ಖಂಡನೆ ಅರ್ಧಂಬರ್ಧ ಆಗಬಾರದು."

ತಮಟೆ ಹೊರಟಿತು. "ಇಪ್ಪತ್ತೇಳು ಕಲ್ಲು, ಕಲ್ಲಿಗೊಂದು ಮೀನು ಅಂದ ಓಬಳಯ್ಯನಿಗೆ ಛೀ!" ಜನ ಛೀ ಅಂದು ಮನೆಗೆ ಹೋಗಿ ಮೀನು ಹುಡುಕಿದರು. ಒರಳು ಮಗುಚಿದರು. ಬಟ್ಟೆ ಒಗೆಯುವ ಕಲ್ಲು ಎಬ್ಬಿಸಿದರು. ಕಿವುಡಜ್ಜ ತಲೆದಿಂಬಿನ ಒಳಗೂ ನೋಡಿದ. ಎಲ್ಲೂ ಮೀನಿಲ್ಲ. ಓಬಳಯ್ಯ ಮಾತ್ರ ಸಭಾಸದರ ಬೀದಿಗೆ ಹೋಗಿ ಹೊಸ ಮೆಟ್ಟಿಲು ಎಣಿಸಿಕೊಂಡು ಬಂದ.

ಮೂರನೇ ಸೋಮವಾರ. ಇದಾದರೆ ಓಬಳಯ್ಯನ ಕಥೆ ಮುಗಿಯಿತು. ದ್ಯಾವಕ್ಕ ಬುತ್ತಿ ಕಟ್ಟಿ, ಎಮ್ಮೆಗೆ ಹಗ್ಗ ಹಾಕಿ ಬಾಗಿಲಲ್ಲೇ ನಿಲ್ಲಿಸಿದ್ದಳು. ಸಭೆಯಲ್ಲಿ ಓಬಳಯ್ಯ ಎದ್ದು ಕೈಮುಗಿದ.

"ಬುದ್ಧೀ, ಇನ್ನೊಂದೇ ಒಂದು ಮಾತು ಬಿಟ್ಟು ಹೋಗಿದೆ. ನೀರು ಬಿದ್ರೆ ಕಳ್ಳರ ಮನೆ ಮೆಟ್ಟಿಲಿಂದ ಮೀನು ತಾವೇ ಈಜ್ಕೊಂಡು ಬರ್ತಾವೆ ಅಂತಾನೂ ಅಂದಿದ್ದೆ. ಅದನ್ನ ಸೇರಿಸದೆ ನನ್ನದೇ ಮಾತು ಅಂತ ನಾನು ಹೆಂಗನ್ನಲಿ?"

ಒಂಬತ್ತು ಪೇಟಗಳು ಗಲಗಲ ನಕ್ಕವು. "ಕಲ್ಲಿನ ಮೀನು ಈಜ್ತದಂತೆ! ಮುದುಕನಿಗೆ ಬುದ್ಧಿ ಕೆಟ್ಟಿದೆ. ಬರ್ಕೊಳ್ಳಿ, ದಪ್ಪಕ್ಷರದಲ್ಲಿ ಬರ್ಕೊಳ್ಳಿ!" ಅಂದ ಭರ್ಜರಪ್ಪ. ನಗುವ ಭರದಲ್ಲಿ ಮೆಟ್ಟಿಲ ವಿಷಯ ಅವನ ತಲೆಗೆ ಹೋಗಲೇ ಇಲ್ಲ. ಹೋಗಬೇಕಾದರೂ ಮೂವತ್ತು ಮೊಳ ದಾಟಬೇಕಿತ್ತು.

ತಮಟೆ ಹೊರಟಿತು. "ನೀರು ಬಿದ್ರೆ ಮೆಟ್ಟಿಲಿಂದ ಮೀನು ಬರ್ತಾವೆ ಅಂದ ಓಬಳಯ್ಯನಿಗೆ ಛೀ!" ಈ ಸಲ ಛೀ ಅನ್ನಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ಕೊಡ ಹುಡುಕುತ್ತಿದ್ದರು. ಮೊದಲು ಅವರವರ ಮೆಟ್ಟಿಲಿಗೆ ಅವರವರೇ ಸುರಿದುಕೊಂಡರು. "ನೋಡ್ರಪ್ಪ, ನಮ್ಮನೇಲಿ ಮೀನಿಲ್ಲ!" "ನಮ್ಮನೇಲೂ ಇಲ್ಲ!" ಹೀಗೆ ತೊಳೆಯುತ್ತ ತೊಳೆಯುತ್ತ ಸಭಾಸದರ ಬೀದಿಗೆ ಬಂದರು. ಅಲ್ಲಿ ಒಂಬತ್ತು ಮನೆ, ಮನೆಗೆ ಮೂರು ಹೊಸ ಮೆಟ್ಟಿಲು, ಮೆಟ್ಟಿಲಿಗೆಲ್ಲ ಕೆಮ್ಮಣ್ಣು.

"ಬೇಡ! ಹಾಕಬೇಡಿ!" ಭರ್ಜರಪ್ಪ ಅಡ್ಡ ಬಂದ. "ಯಾಕೆ ಬುದ್ಧೀ? ನೀವೇ ಸಾರಿಸಿದ ಮಾತು ಸುಳ್ಳು ಅಂತ ತೋರಿಸ್ಬೇಕಲ್ಲ?" ಅಂತ ದ್ಯಾವಕ್ಕ ಕೊಡ ಬಗ್ಗಿಸಿದಳು. ಒಂದು ಕೊಡಕ್ಕೆ ಕೆಮ್ಮಣ್ಣು ಕರಗಿತು. ಎರಡನೇ ಕೊಡಕ್ಕೆ ಬಾಲ ಕಂಡಿತು. ಮೂರನೇ ಕೊಡಕ್ಕೆ ಇಡೀ ಮೀನು, ಕಣ್ಣು ಬಿಟ್ಟುಕೊಂಡು!

ಆ ಗದ್ದಲಕ್ಕೆ ರಾಜನಿಗೆ ಎಚ್ಚರವಾಯಿತು. ಮುದ್ರೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. ಒದ್ದೆ ಮೆಟ್ಟಿಲ ಮೇಲೆ ಕಾಲಿಟ್ಟ. ಸರ್ರನೆ ಜಾರಿ ಬಿದ್ದ. ಅರಸನ ಮೂಗು ಮೀನಿನ ಮೂಗಿಗೆ ತಾಗಿತು.

"ಇದು ನಮ್ಮ ಕೆರೆ ಮೀನಲ್ವೇನ್ರೀ? ಇಲ್ಲೇನು ಮಾಡ್ತಿದೆ?" ಅಂದ ರಾಜ.

ಭರ್ಜರಪ್ಪ ತಡವರಿಸಿದ. "ಮಹಾಪ್ರಭು... ಮೆಟ್ಟಿಲು ಎತ್ತರ ಇದ್ರೆ... ಪೇಟ ಇನ್ನೂ ಎತ್ತರ ಕಾಣ್ತದೆ ಅಂತ..."

ರಾಜನಿಗೆ ತಡೆಯಲಾರದಷ್ಟು ಸಿಟ್ಟು ಬಂತು. "ಊರು ಮುಳುಗಿದ ಮೇಲೆ ಪೇಟ ಯಾರಿಗೆ ತೋರಿಸ್ತೀಯಾ? ಇವತ್ತೇ ಕಲ್ಲು ಎತ್ತು! ಒಬ್ಬೊಬ್ಬನೂ ಮೂರು ಮೂರು, ಸ್ವಂತ ತಲೆ ಮೇಲೆ!"

"ತಲೆ ಮೇಲೆ ಸಿಂಬೆ ಇಲ್ಲದೆ ಕಲ್ಲು ಹೊರೋದು ಹೆಂಗೆ ಪ್ರಭು?" ಅಂತ ಭರ್ಜರಪ್ಪ ಗೋಳಾಡಿದ.

ಓಬಳಯ್ಯನಿಗೆ ಅವನನ್ನು ನೋಡಿ ನಿಜವಾಗಿಯೂ ಅಯ್ಯೋ ಅನ್ನಿಸಿತು. ಹತ್ತಿರ ಹೋದ. ಮೂವತ್ತು ಮೊಳದ ಪೇಟವನ್ನು ಮೆಲ್ಲಗೆ ಬಿಚ್ಚಿದ, ಸುತ್ತಿ ಸುತ್ತಿ ದುಂಡಗೆ ಸಿಂಬೆ ಮಾಡಿದ, ತಲೆಯ ಮೇಲಿಟ್ಟ.

"ತಗೊಳ್ಳಿ ಬುದ್ಧೀ. ಇಷ್ಟು ದಿನಕ್ಕೆ ಇದಕ್ಕೊಂದು ಕೆಲಸ ಸಿಕ್ತು."

ಒಂಬತ್ತು ಸಿಂಬೆ, ಇಪ್ಪತ್ತೇಳು ಕಲ್ಲು, ಮೂರು ಸುತ್ತು. ಮುಂದೆ ತಮಟೆ, ಹಿಂದೆ ಎಮ್ಮೆ. ಕಡೆಯ ಕಲ್ಲು ಏರಿಗೆ ಕೂತ ಏಳನೇ ದಿನ ಹುಬ್ಬೆ ಮಳೆ ಧೋ ಅಂತ ಸುರಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಏರಿ ಅಲ್ಲಾಡಲಿಲ್ಲ. ತೂಬಿನ ಹತ್ತಿರ ನೀರುಗಂಟಿ ಓಬಳಯ್ಯ ನಿಂತಿದ್ದ, ಮಾಜಿ ಅಲ್ಲ, ಹಾಲಿ. ಮಳೆಯಲ್ಲಿ ನೆಂದು ಒಂದು ಸೀನು ಸೀನಿದ. ಯಾರ ಪೇಟವೂ ಬೀಳಲಿಲ್ಲ, ಬೀಳಲು ಪೇಟವೇ ಇರಲಿಲ್ಲ.

ಇದರ ನೀತಿ ಇಷ್ಟೇ ಮಕ್ಕಳೇ. ಸುಳ್ಳು ಮಾತನ್ನು ಸುಮ್ಮನೆ ಬಿಟ್ಟರೂ ಸಾಯುತ್ತದೆ. ನಿಜವಾದ ಮಾತಿಗೆ ಎಷ್ಟು ಛೀ ಅಂದರೂ ಅದು ಬೀದಿ ಬೀದಿ ತಿರುಗಿ ಕಳ್ಳನ ಬಾಗಿಲಿಗೇ ಬರುತ್ತದೆ. ತಪ್ಪು ತೋರಿಸಿದವನನ್ನು ಬೈಯುವ ಮೊದಲು ತಪ್ಪು ತಿದ್ದಿಕೊಳ್ಳಬೇಕು.

ಕಥೆ ಕೆರೆ ಸೇರಿತು, ಇನ್ನು ನೀವು ಮನೆ ಸೇರಿ. ಹೋದವರು ಒಳಗೆ ಕಾಲಿಡುವ ಮುಂಚೆ ಮೆಟ್ಟಿಲಿಗೆ ಒಂದು ಚೊಂಬು ನೀರು ಹಾಕಿ ನೋಡಿ.