ಎರಡನೆಯ ಗ್ಲಾಸು

ವಾರಿಜ ಬಿಯರ್ ಮಾಡುವುದನ್ನು ಕಲಿಯಲು ಬಂದಾಗ ಅವಳ ಬಳಿ ಬೇಕಾದಷ್ಟು ಶಬ್ದಗಳಿದ್ದವು.

ಆರು ವರ್ಷ ಮಂಗಳೂರಿನ ಹೋಟೆಲೊಂದರಲ್ಲಿ ಗ್ಲಾಸು ತುಂಬಿಸಿ ಕೊಟ್ಟವಳು ಅವಳು. ಯಾವ ಬಿಯರಿನಲ್ಲಿ ಯಾವ ರುಚಿ ಎಂದು ಮೆನುವಿನಲ್ಲಿ ಬರೆದದ್ದೆಲ್ಲ ಬಾಯಿಪಾಠವಾಗಿತ್ತು.

ಬೆನೆಟ್ ಮಾಸ್ಟ್ರ ಬ್ರೂವರಿ ಇದ್ದದ್ದು ಫಲ್ಗುಣಿ ಹೊಳೆಯ ದಂಡೆಯಲ್ಲಿ, ನಿಂತುಹೋದ ಹಂಚಿನ ಕಾರ್ಖಾನೆಯೊಂದರ ಒಳಗೆ. ಮಾಸ್ಟ್ರು ಮೊದಲು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಈಗ ಹನ್ನೊಂದು ವರ್ಷದಿಂದ ಬಿಯರ್ ಮಾಡುತ್ತಿದ್ದರು.

ಅವರು ಒಂದು ಗ್ಲಾಸು ಅವಳ ಮುಂದಿಟ್ಟರು.

“ಕುಡಿ. ಎಂತ ಉಂಟು ಹೇಳು.”

“ಏಪ್ರಿಕಾಟ್. ಸ್ವಲ್ಪ ಪೈನ್.”

“ಏಪ್ರಿಕಾಟ್ ತಿಂದಿದ್ದೀಯಾ?”

“ಇಲ್ಲ ಮಾಸ್ಟ್ರೇ.”

“ಪೈನ್ ಮರ ನೋಡಿದ್ದೀಯಾ?”

“ಸಿನೆಮಾದಲ್ಲಿ.”

ಮಾಸ್ಟ್ರು ಗ್ಲಾಸನ್ನು ವಾಪಸು ತೆಗೆದುಕೊಂಡರು.

“ನೀನು ಹೇಳಿದ್ದು ಬೇರೆ ಯಾರೋ ಕುಡಿದ ಬಿಯರು. ನಿನ್ನದು ಗೊತ್ತಾದಾಗ ಬಾ.”

ವಾರಿಜ ಒಂದೂವರೆ ತಿಂಗಳು ಬಾಯಿ ಬಿಡಲಿಲ್ಲ. ಟ್ಯಾಂಕ್ ತೊಳೆದಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಅಗಿದಳು. ಬಾವಿ ನೀರನ್ನೂ ನಲ್ಲಿ ನೀರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಡಿದಳು. ದಿನಕ್ಕೆ ಒಂದೊಂದು ಗುಟುಕು ಬಿಯರನ್ನು ಬಾಯಲ್ಲಿಟ್ಟುಕೊಂಡು ಹೊಳೆ ನೋಡುತ್ತ ಕೂತಳು.

ಒಂದು ಬೆಳಿಗ್ಗೆ ಗೋಧಿಯ ಬಿಯರ್ ಕುಡಿದವಳು ಎದ್ದು ನಿಂತಳು.

“ಮಾಸ್ಟ್ರೇ, ಬಾಳೆಹಣ್ಣು! ಕದಳಿ. ಸಿಪ್ಪೆ ಕಪ್ಪಾಗಿ, ಇನ್ನು ಬನ್ಸ್ ಮಾಡಲಿಕ್ಕೇ ಸೈ ಅಂತ ಅಮ್ಮ ತೆಗೆದಿಡುವುದು.”

“ಮತ್ತೆ?”

“ಲವಂಗ. ಹಲ್ಲುನೋವಿಗೆ ಕಚ್ಚಿ ಹಿಡಿದುಕೊಂಡದ್ದು.”

ಮಾಸ್ಟ್ರು ಕಪ್ಪು ಬಿಯರಿನ ಗ್ಲಾಸು ತಂದರು. ವಾರಿಜ ಒಂದು ಗುಟುಕು ಕುಡಿದಳು.

“ಕಾಫಿ ಬೀಜ ಹುರಿಯುವಾಗ ಯಾರೋ ಬಾಗಿಲು ತಟ್ಟಿದರು. ಹೋಗಿ ಬರುವಷ್ಟರಲ್ಲಿ ಸ್ವಲ್ಪ ಜಾಸ್ತಿ ಆಯ್ತು.”

ಮಾಸ್ಟ್ರು ನಕ್ಕರು. “ಇನ್ನು ನನ್ನ ಜೊತೆ ಕೂತು ಕುಡಿಯಬಹುದು ನೀನು.”

ಮಾಸ್ಟ್ರಿಗೆ ಒಂದು ಬಿಯರಿನ ಮೇಲೆ ಬಹಳ ಆಸೆ ಇತ್ತು. ಬಾರ್ಲಿಯ ಜೊತೆ ಊರಿನ ಕೆಂಪು ಕಜೆ ಅಕ್ಕಿ ಸೇರಿಸಿ ಮಾಡುವ ಬಿಯರು. ಪ್ರತಿ ವರ್ಷ ಅದನ್ನು ಮಾಡಿ, ಹೊಳೆಯ ದಂಡೆಗೆ ಜನರನ್ನು ಕರೆದು ಕುಡಿಸುತ್ತಿದ್ದರು.

“ಎಲ್ಲರೂ ಒಂದು ಗ್ಲಾಸು ಕುಡಿದು ಹೊಗಳುತ್ತಾರೆ,” ಎಂದರು ವಾರಿಜಳ ಹತ್ತಿರ. “ಎರಡನೆಯದು ಯಾರೂ ಕೇಳುವುದಿಲ್ಲ. ಯಾಕೆ ಅಂತ ಇವತ್ತಿನವರೆಗೆ ನನಗೆ ಗೊತ್ತಾಗಲಿಲ್ಲ. ಈ ಸಲವೂ ಹಾಗೇ ಆದರೆ ಇದು ಕೊನೆ. ಮತ್ತೆ ಮಾಡುವುದಿಲ್ಲ.”

ಆ ವರ್ಷದ ಕಜೆ ಬಿಯರು ಟ್ಯಾಂಕಿನಲ್ಲಿ ಹುದುಗಿ ತಯಾರಾಗಿತ್ತು. ಇನ್ನು ತಂಪು ಮಾಡುವುದೊಂದೇ ಬಾಕಿ. ಜನ ಬರಲು ಹದಿನೈದು ದಿನ ಇತ್ತು.

ಮಾಸ್ಟ್ರು ಮೂರು ಗ್ಲಾಸಿಗೆ ಹಾಕಿದರು. ಒಂದು ತನಗೆ, ಒಂದು ವಾರಿಜಳಿಗೆ, ಒಂದು ಟ್ಯಾಂಕ್ ನೋಡಿಕೊಳ್ಳುವ ದೂಮಣ್ಣನಿಗೆ.

“ಬೆಣ್ಣೆ ಹಾಗೆ ನುಣ್ಣಗೆ ಉಂಟು ಮಾಸ್ಟ್ರೇ,” ಎಂದ ದೂಮಣ್ಣ.

“ನಿನಗೆ?”

ವಾರಿಜಳಿಗೆ ಏನೋ ಅನಿಸಿತು. ಮಾಸ್ಟ್ರ ಮುಖ ನೋಡಿದಳು.

“ಚೆನ್ನಾಗುಂಟು,” ಎಂದಳು.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದು ಟ್ಯಾಂಕಿನ ಪಕ್ಕ ನಿಂತಿದ್ದಳು. ಮಾಸ್ಟ್ರು ತಂಪು ಮಾಡುವ ಸ್ವಿಚ್ಚಿಗೆ ಕೈ ಹಾಕುವುದರಲ್ಲಿದ್ದರು.

“ಮಾಸ್ಟ್ರೇ, ನಿನ್ನೆ ನಾನು ಸುಳ್ಳು ಹೇಳಿದೆ.”

“ಎಂತ ಸುಳ್ಳು?”

“ಚೆನ್ನಾಗುಂಟು ಅಂತ. ಅದರಲ್ಲಿ ಬೆಣ್ಣೆ ಉಂಟು. ಬೇಕರಿಯ ಬಿಸ್ಕುಟ್ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಮೊದಲು ಖುಷಿ ಆಗ್ತದೆ. ಅರ್ಧ ಗ್ಲಾಸಿಗೆ ಗಂಟಲಲ್ಲಿ ಜಿಡ್ಡು ಕೂತುಬಿಡ್ತದೆ. ಆಮೇಲೆ ಸಾಕು ಅನಿಸ್ತದೆ.”

ಮಾಸ್ಟ್ರು ಸ್ವಿಚ್ಚಿನಿಂದ ಕೈ ತೆಗೆದರು. ಗ್ಲಾಸಿಗೆ ಹಾಕಿ ಮೂಸಿದರು. ಇನ್ನೊಮ್ಮೆ ಮೂಸಿದರು.

“ಬೆಣ್ಣೆ ಇಲ್ಲ.”

“ಉಂಟು ಮಾಸ್ಟ್ರೇ.”

“ಇಷ್ಟು ವರ್ಷ ಮೂಸಿದ ಮೂಗು ಇದು.”

ವಾರಿಜ ತಲೆ ತಗ್ಗಿಸಲಿಲ್ಲ. “ಆದರೂ ಉಂಟು.”

ಮಾಸ್ಟ್ರು ದೂಮಣ್ಣನನ್ನು ಬೇಕರಿಗೆ ಕಳಿಸಿದರು. ಬಿಸ್ಕುಟಿಗೆ ಹಾಕುವ ಬೆಣ್ಣೆ ಎಸೆನ್ಸಿನ ಪುಟ್ಟ ಬಾಟಲಿ ಬಂತು.

“ದೂಮಣ್ಣ, ಮೂರು ಗ್ಲಾಸಿಗೆ ಬೇರೆ ಟ್ಯಾಂಕಿನ ಬಿಯರ್ ಹಾಕು. ಒಂದಕ್ಕೆ ಮಾತ್ರ ಒಂದು ಹನಿ ಇದು. ಯಾವುದಕ್ಕೆ ಅಂತ ಹೇಳಬೇಡ.”

ಅವರೂ ವಾರಿಜಳೂ ಹೊಳೆಯ ಕಡೆ ಮುಖ ಮಾಡಿ ನಿಂತರು. ದೂಮಣ್ಣ ಹನಿ ಹಾಕಿದ. ಮಾಸ್ಟ್ರು ತಿರುಗಿ ಬಂದು ಮೂಸಿ ಒಂದು ಗ್ಲಾಸು ಎತ್ತಿದರು.

“ಅಲ್ಲ ಮಾಸ್ಟ್ರೇ,” ಎಂದ ದೂಮಣ್ಣ.

ಇಬ್ಬರೂ ಐದೈದು ಸಲ ಮೂಸಿದರು. ಮಾಸ್ಟ್ರಿಗೆ ಸರಿಯಾದದ್ದು ಒಂದು ಸಲ. ವಾರಿಜಳಿಗೆ ಐದೂ ಸಲ.

ಮಾಸ್ಟ್ರು ದಂಡೆಯ ಕಲ್ಲಿನ ಮೇಲೆ ಕೂತರು. ವಾರಿಜಳಿಗೆ ಹೆದರಿಕೆಯಾಯಿತು.

“ಮಾಸ್ಟ್ರೇ, ನಾನು ಹಾಗೆ ಹೇಳಬಾರದಿತ್ತು...”

ಮಾಸ್ಟ್ರು ನಗಲು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ಹನ್ನೊಂದು ವರ್ಷ ಮಾರಾಯ್ತಿ! ಹುದುಗುವಾಗ ಯೀಸ್ಟ್ ಬೆಣ್ಣೆ ವಾಸನೆಯ ಒಂದು ಪದಾರ್ಥವನ್ನು ಹೊರಗೆ ಬಿಡ್ತದೆ. ಇನ್ನೂ ಕೆಲವು ದಿನ ಬೆಚ್ಚಗೆ ಬಿಟ್ಟರೆ ಅದೇ ವಾಪಸು ತಿಂದು ಮುಗಿಸ್ತದೆ. ಬೆಣ್ಣೆ ಹೋಗುವವರೆಗೆ ತಂಪು ಮಾಡಬೇಡಿ ಅಂತ ಬಂದವರಿಗೆಲ್ಲ ಪಾಠ ಮಾಡಿದವ ನಾನು. ಮತ್ತೆ ನಾನೇ ಮೂಸಿ, ಬೆಣ್ಣೆ ಇಲ್ಲ ಅಂತ ಹೇಳಿ, ನಾನೇ ತಂಪು ಮಾಡಿದೆ!”

ಅವರು ಎದ್ದು ಅವಳನ್ನು ಟ್ಯಾಂಕಿನ ಮುಂದೆ ನಿಲ್ಲಿಸಿದರು.

“ಈ ಸ್ವಿಚ್ಚು ಒತ್ತುವವಳು ನೀನು. ಯಾವತ್ತು ಅಂತ ಹೇಳುವವಳೂ ನೀನೇ.”

ಮೊದಲ ದಿನ ಅವಳು ತಲೆ ಆಡಿಸಿದಳು. ಇಲ್ಲ. ಎರಡನೆಯ ದಿನವೂ ಇಲ್ಲ.

ಮೂರನೆಯ ದಿನ ದೂಮಣ್ಣ ಗಡಿಬಿಡಿ ಮಾಡಿದ. “ತಂಪಾಗಲಿಕ್ಕೂ ದಿನ ಬೇಕಲ್ಲ ಮಾರಾಯ್ತಿ. ಇನ್ನೂರು ಜನಕ್ಕೆ ಬರಲಿಕ್ಕೆ ಹೇಳಿಕೆ ಹೋಗಿದೆ. ಈಗ ಸಾಕು.”

ವಾರಿಜ ಮಾಸ್ಟ್ರನ್ನು ನೋಡಿದಳು. ಮಾಸ್ಟ್ರು ಹೊಳೆ ನೋಡುತ್ತಿದ್ದರು.

“ಸಾಕಾಗಲಿಲ್ಲ ದೂಮಣ್ಣ,” ಎಂದಳು.

ನಾಲ್ಕನೆಯ ದಿನ ಅವಳು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಇನ್ನೊಂದು ಗುಟುಕು ಕುಡಿದಳು. ಗ್ಲಾಸು ಖಾಲಿಯಾಯಿತು. ತನಗೇ ಗೊತ್ತಿಲ್ಲದೆ ಅದನ್ನು ಮತ್ತೆ ಟ್ಯಾಂಕಿನ ನಲ್ಲಿಯ ಕೆಳಗೆ ಹಿಡಿದಳು.

“ಬೆಣ್ಣೆ?” ಎಂದರು ಮಾಸ್ಟ್ರು.

“ಹೋಯ್ತು. ಅಕ್ಕಿ ಬಂತು ಮಾಸ್ಟ್ರೇ! ಕಜೆ ಅಕ್ಕಿಯ ಗಂಜಿ. ಒಲೆಯಿಂದ ಇಳಿಸಿ ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಹೊಡೆಯುವ ಹಬೆ.”

ಮಾಸ್ಟ್ರು ಅವಳ ಗ್ಲಾಸಿನಿಂದಲೇ ಕುಡಿದರು.

“ನನಗೆ ಮೊನ್ನೆಯ ಹಾಗೇ ಉಂಟು,” ಎಂದರು ಬಹಳ ಸಂತೋಷದಿಂದ.

ವಾರಿಜ ಸ್ವಿಚ್ಚು ಒತ್ತಿದಳು.

ಹೇಳಿದ ದಿನ ಹೊಳೆಯ ದಂಡೆಯಲ್ಲಿ ಇನ್ನೂರು ಜನ ಸೇರಿದರು. ದೂಮಣ್ಣ ಗ್ಲಾಸುಗಳನ್ನು ತುಂಬಿಸಿದ. ಜನ ಕುಡಿದರು, ಚೆನ್ನಾಗಿದೆ ಎಂದರು. ಮಾಸ್ಟ್ರು ಕಂಬಕ್ಕೆ ಒರಗಿ ನೋಡುತ್ತಿದ್ದರು. ಆ ಹೊಗಳಿಕೆ ಅವರಿಗೆ ಹೊಸತಲ್ಲ.

ಮೀನಿನ ದೋಣಿಯ ಒಬ್ಬ ಗಂಭೀರ ಮುಖದ ಮನುಷ್ಯ ಕೊನೆಯ ಹನಿಯವರೆಗೆ ಕುಡಿದು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ಹೋಗಿ ಮತ್ತೆ ಸಾಲಿನಲ್ಲಿ ನಿಂತ.

ಅವನ ಹಿಂದೆ ಇಬ್ಬರು ಹೆಂಗಸರು ನಿಂತರು. ಅವರ ಹಿಂದೆ ಇನ್ನೂ ಹತ್ತು ಜನ. ಸಾಲು ಕಾರ್ಖಾನೆಯ ಗೇಟು ದಾಟಿತು.

ಸೂರ್ಯ ಮುಳುಗುವ ಮೊದಲೇ ಟ್ಯಾಂಕು ಖಾಲಿ. ದೂಮಣ್ಣ ನಲ್ಲಿ ತಿರುಗಿಸಿ ತೋರಿಸಿದರೂ ಜನ ಹೋಗಲಿಲ್ಲ. ಮುಂದಿನದು ಯಾವಾಗ ಎಂದು ಕೇಳುತ್ತಿದ್ದರು.

ಮಾಸ್ಟ್ರು ಕಲ್ಲಿನ ಮೇಲೆ ಹತ್ತಿ ನಿಂತರು. ವಾರಿಜಳನ್ನೂ ಕೈ ಹಿಡಿದು ಹತ್ತಿಸಿದರು.

“ಹನ್ನೊಂದು ವರ್ಷ ನಿಮಗೆ ನಾನು ಬೆಣ್ಣೆ ಕುಡಿಸಿದೆ,” ಎಂದು ಕೂಗಿದರು. “ನೀವು ಒಬ್ಬರೂ ಹೇಳಲಿಲ್ಲ. ಹೇಳಿದವಳು ಇವಳು!”

ಜನ ಶಿಳ್ಳೆ ಹೊಡೆದರು. ದೂಮಣ್ಣ ಖಾಲಿ ಪೀಪಾಯಿಯನ್ನು ಚೆಂಡೆಯ ಹಾಗೆ ಬಡಿದ. ವಾರಿಜ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಗದ್ದಲ ಸ್ವಲ್ಪ ಇಳಿದಾಗ ಅವಳು ಮಾಸ್ಟ್ರ ಕಿವಿಯ ಹತ್ತಿರ ಬಾಗಿದಳು.

“ಮಾಸ್ಟ್ರೇ, ಹಾಗಾದರೆ ನಾನು ಕಲಿಯುವುದು ಮುಗಿಯಿತಾ?”

“ಮುಗಿಯಿತು ಮಗಾ. ನಾಳೆಯಿಂದ ನೀನೂ ಒಬ್ಬ ಶಿಷ್ಯನನ್ನು ಹುಡುಕು. ನಿನ್ನ ಮೂಗಿಗೆ ಯಾವುದು ಗೊತ್ತಾಗುವುದಿಲ್ಲ ಅಂತ ಮತ್ತೆ ಯಾರು ಹೇಳುತ್ತಾರೆ ನಿನಗೆ?”